ಒಂದು ಸೇರು ತೌಡು

ಅಲ್ಲೇ ಕೂತ್ಕೋ ಅಂದ್ನಲ್ಲ ಭಾನು! ಒಳಕ್ಕೆ ಬೇಡ. ಮಲಗವ್ಳೆ ನಿಮ್ಮ ಚಿಕ್ಕವ್ವ, ಈಗ್ತಾನೇ ಮಲಗಿದ್ದು. ಎಬ್ಬಿಸಿದ್ರೆ ಸಾಯಂಕಾಲದವರೆಗೂ ನನ್ನ ತಲೆ ತಿಂತಾಳೆ… ಏನು? ಸದ್ದು ಕೇಳಿಸ್ತಾ? ಯಾವ ಸದ್ದು? ಓ, ಅದಾ… ಪಕ್ಕದ ಮನೇಲಿ ಕಣೋ, ಟೈಲ್ಸ್ ಕೆಲಸ ನಡೀತೈತೆ. ನೀನು ಕೂತ್ಕೋ. ಇಲ್ಲಿ ಜಗಲಿ ಮೇಲೆ ಗಾಳಿ ಚೆನ್ನಾಗೈತೆ.

ಅಲ್ಲ, ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಈ ತಿಂಗ್ಳಲ್ಲಿ ಇದು ಎಷ್ಟನೇ ಸಲ ನೀನು ಬಂದಿದ್ದು? ಮೂರನೇದು. ಹತ್ತು ವರ್ಷದಿಂದ ಕುಣಿಗಲ್‌ನಿಂದ ವಸಂತನರಸಾಪುರದ ಫ್ಯಾಕ್ಟ್ರಿಗೆ ಈ ತುಮಕೂರು ಮೇಲೇನೇ ಓಡಾಡ್ತಿದೀಯ. ಆವಾಗೆಲ್ಲ ಚಿಕ್ಕಪ್ಪನ ಮನೆ ಕಣ್ಣಿಗೆ ಬೀಳ್ಲಿಲ್ಲ. ಯುಗಾದಿಗೊಂದ್ಸಲ ಬಂದು, ನಿಂತ ಕಾಲಲ್ಲೇ ಕಾಫಿ ಕುಡ್ದು ಹೋಗೋನು. ಈಗ ರಜೆ ಬಂತು ಅಂದ್ರೆ ಮೂಸಂಬಿ ಚೀಲ ಹಿಡ್ಕೊಂಡು ಹಾಜರ್! ಯಾಕ್ ನಗ್ತೀಯ? ನಾನೇನು ತಮಾಷೆ ಮಾಡ್ತಿಲ್ಲ.

ಯಾರು ಫೋನ್ ಮಾಡಿದ್ರು ನಿಂಗೆ? ನಿಜ ಹೇಳು. ಆ ಚೆನ್ನಮ್ಮ ತಾನೇ? ಅದೇ, ಕೋರದಿಂದ ಬರ್ತಿದ್ಲಲ್ಲ, ನಿಮ್ಮ ಚಿಕ್ಕವ್ವನ್ನ ನೋಡ್ಕೊಳ್ಳೋಕೆ ಅಂತ ಇಟ್ಕೊಂಡಿದ್ದೋಳು. ಬಿಡಿಸ್ದೆ ಅವಳನ್ನ. ಕಳ್ತನವಾ? ಛೆ ಛೆ, ಇಲ್ಲಪ್ಪ. ಕಳ್ತನ ಮಾಡಿದ್ರೂ ಸಹಿಸ್ಕೊಂತಿದ್ದೆ. ಅವಳು ಮಾತು ಕೇಳಿಸ್ಕೊಂತಿದ್ಲು! ತಲೆ ಬಾಚ್ತಾ ಬಾಚ್ತಾ, 'ಆಮೇಲೇನಾಯ್ತಮ್ಮ, ಆಮೇಲೆ?' ಅಂತ ಕೆದಕೋದು. ಮರೆವಿನ ಕಾಯಿಲೆ ಇರೋರ ಹತ್ರ ಯಾರಾದ್ರೂ ಹಳೇ ಕಥೆ ಕೇಳ್ತಾರಾ? ಏನೋ ಇತ್ತು ಅವಳ ಮನಸ್ಸಲ್ಲಿ. ಒಂದಿನ ಬಾಗಿಲ ಹಿಂದೆ ನಿಂತ್ಕೊಂಡು ನಾನೂ ಕೇಳಿಸ್ಕೊಂಡೆ. ನಾಳೆಯಿಂದ ಬರ್ಬೇಡ ತಾಯಿ ಅಂತ ಕೈ ಮುಗ್ದೆ.

ಈಗ ಎಲ್ಲ ನಾನೇ. ನೋಡು ಈ ಕೈನ. ಮೂವತ್ತೈದು ವರ್ಷ ಈ ಊರಿಗೆ ನೀರು ಬಿಟ್ಟ ಕೈ ಇದು, ಎಂಟಿಂಚು ಪೈಪಿನ ವಾಲ್ವ್ ತಿರುಗಿಸಿದ್ದು. ಈಗ ಜಡೆ ಹೆಣೀತದೆ. ಸ್ನಾನ ಮಾಡಿಸ್ತೀನಿ, ಸೀರೆ ಉಡಿಸ್ತೀನಿ. ಉಡಿಸಿದ್ರೆ ಅದ್ರ ಮೇಲೆ ಇನ್ನೊಂದು ಸುತ್ಕೊಂತಾಳೆ. ಗ್ಯಾಸ್ ಹಚ್ಚಿ ಮರ್ತುಬಿಡ್ತಾಳೆ ಅಂತ ರೆಗ್ಯುಲೇಟರ್ ತೆಗೆದು ಬೀರುನಲ್ಲಿ ಇಟ್ಟಿದೀನಿ. ಕನ್ನಡಿ ನೋಡಿದ್ರೆ, ಯಾರೋ ಮುದುಕಿ ಒಳಗೆ ಬಂದವ್ಳೆ, ಕಳ್ಸು ಅಂತ ಕಿರುಚ್ತಾಳೆ, ಅದಕ್ಕೆ ಟವಲ್ ಹೊದಿಸಿದೀನಿ. ಮುದ್ದೆ ನುಂಗೋದೇ ಮರೆತೋಗೈತೆ, ಬಾಯಲ್ಲಿಟ್ಕೊಂಡು ಅಗೀತಾ ಕೂತಿರ್ತಾಳೆ. 'ನುಂಗೇ ಸಿದ್ದಗಂಗಿ, ನುಂಗು' ಅಂತ ಗಂಟಲು ಸವರ್ಬೇಕು. ಅಷ್ಟು ಮಾಡ್ತೀನಪ್ಪ ನಾನು. ಯಾರ ಮನೆ ಗಂಡಸು ಮಾಡ್ತಾನೆ ಹೇಳು? ಮಾಡ್ತಾನಾ?

ತಲೆ ಆಡಿಸ್ಬೇಡ ಸುಮ್ಸುಮ್ನೆ. ನೀನು ನನ್ನ ಹೊಗಳೋಕೆ ಬಂದಿಲ್ಲ, ನಂಗೊತ್ತು.

ಹೋದ ಸಲದ್ದು ತಾನೇ ನಿನ್ನ ತಲೇಲಿ ಓಡ್ತಿರೋದು? ನಿನ್ನ ನೋಡಿದ್ ತಕ್ಷಣ ಅಡುಗೆಮನೆಗೆ ಓಡೋಗಿ, ಸೆರಗಿನ ತುಂಬ ರಾಗಿ ಹಿಟ್ಟು ತಂದು ನಿನ್ನ ಮಡಿಲಿಗೆ ಸುರಿದ್ಲಲ್ಲ… 'ತೌಡು ವಾಪಸ್ ಕೊಟ್ಟಿದೀನಿ, ನಡಿ ಮಗ ಮನೆಗೆ' ಅಂದ್ಲಲ್ಲ, ಅದು. ಪ್ಯಾಂಟೆಲ್ಲ ಹಿಟ್ಟಾಯ್ತು ಪಾಪ. ನೀನು ಕೊಡವ್ಕೊಂಡೂ ಇಲ್ಲ, ಹಂಗೇ ಬೈಕ್ ಹತ್ತಿ ಹೊರಟೋದೆ. ಅವತ್ತೇ ಅಂದ್ಕೊಂಡೆ, ಇವ್ನು ಮತ್ತೆ ಬರ್ತಾನೆ ಅಂತ. ಅಲ್ಲಯ್ಯ, ಹಿಟ್ಟಿಗೂ ತೌಡಿಗೂ ವ್ಯತ್ಯಾಸ ಗೊತ್ತಿಲ್ದೋಳ ಮಾತು ಅದು! ಆಸ್ಪತ್ರೆ ಡಾಕ್ಟ್ರೇ ಹೇಳವ್ರೆ, ಅಲ್ಜೈಮರ್ ಇರೋರು ಇಲ್ದೇ ಇದ್ದಿದ್ದನ್ನೆಲ್ಲ ಕಟ್ಟಿ ಹೇಳ್ತಾರೆ, ಎದುರು ಮಾತಾಡ್ಬೇಡಿ ಅಂತ. ಮೊನ್ನೆ ಹಾಲಿನೋನಿಗೂ ಮಗ ಅಂದ್ಲು. ಅವನೇನು ಮೂರ್ಮೂರು ಸಲ ಬಂದು ಕೂತ್ಕೊಂಡ್ನಾ?

ಮತ್ತೆ ಅದೇ ನೋಟ. ಏನಾದ್ರೂ ಕೇಳೋದಿದ್ರೆ ಬಾಯ್ಬಿಟ್ಟು ಕೇಳು.

…ಹೂಂ. ಅದಾ. ನಿಮ್ಮಪ್ಪನ ಮಣ್ಣಿಗೆ ಯಾಕೆ ಬರ್ಲಿಲ್ಲ ಅವಳು ಅಂತ. ಎರಡು ವರ್ಷ ಆದ್ಮೇಲೆ ಕೇಳ್ತಿದೀಯ. ಆವಾಗ್ಲೇ ಕೇಳ್ಬೇಕಿತ್ತು. ಹುಷಾರಿರ್ಲಿಲ್ಲ ಅಂತ ಹೇಳಿದ್ದೆ ತಾನೇ? ಅದೇ. ಹುಷಾರಿರ್ಲಿಲ್ಲ. ಅದ್ಕೂ ಮುಂಚೆ? ಅದ್ಕೂ ಮುಂಚೆ… ನಿಮ್ಮನೇಲಿ ಒಂದು ಲೋಟ ನೀರೂ ಕುಡೀಲಿಲ್ಲ ಅಂದ್ರೆ, ಅದು ಹೆಂಗಸರ ಜಗಳ ಕಣೋ, ಓರಗಿತ್ತಿಯರದ್ದು. ನಿಮ್ಮವ್ವಂಗೂ ಇವಳಿಗೂ. ಗಂಡಸರು ನಾವೇನ್ ಮಾಡಾಕಾಯ್ತದೆ?

ಇಲ್ಲ? ನಿಮ್ಮಪ್ಪನ ಹೆಸರು ಎತ್ತಿದ್ಲಾ? ಯಾವಾಗ? ಹಿಟ್ಟು ಸುರಿದಾಗ್ಲೇ? ಏನಂದ್ಲು… ಹೇಳ್ಬೇಡ, ಹೇಳ್ಬೇಡ, ನಂಗೊತ್ತು. 'ದ್ಯಾವಪ್ಪ ಕೂಸುಗಳ್ಳ' ಅಂದಿರ್ತಾಳೆ. ದಿನಾ ಅದೇ. ನನ್ನ ಹೆಸರು ಮರ್ತವ್ಳೆ, ಅವಳ ಹೆಸರು ಅವಳೇ ಮರ್ತವ್ಳೆ, ಅದೊಂದನ್ನ ಬಿಟ್ಟಿಲ್ಲ. ತಪ್ಪು ತಿಳ್ಕೋಬೇಡಪ್ಪ. ನಮ್ಮಣ್ಣ ದೇವ್ರಂಥೋನು. ಅದು ಬರೀ ಶಾಸ್ತ್ರಕ್ಕೆ ಮಾಡಿದ್ದು. ಆ ಕಾಲದಲ್ಲಿ ಎಲ್ರೂ ಮಾಡೋರು. ಹುಟ್ಟಿದ್ದು ಉಳೀದೆ ಹೋದ್ರೆ, ಮುಂದಿನ ಕೂಸನ್ನ ಮೊರದಲ್ಲಿ ಮಲಗಿಸಿ, ಹೊಸಲು ದಾಟಿಸಿ, ಬೇರೆಯೋರಿಗೆ ತೌಡಿಗೆ ಮಾರೋದು. ಇದು ಇವರ ಕೂಸಲ್ಲ, ತೌಡಿಗೆ ಸಿಕ್ಕಿದ್ದು ಅಂತ ಜವರಾಯನ ಕಣ್ಣಿಗೆ ಮಣ್ಣೆರಚೋಕೆ. ಮಾಡ್ದೆ ಏನ್ ಮಾಡೋದು? ನಿಂಗಿಂತ ಮುಂಚೆ ಎರಡು ಹೋಗಿದ್ವು…

…

ಏನೋ ಒಂದು ಮಾತು ಜಾರ್ತು.

ನೀನು ಬೆಚ್ಚಲಿಲ್ಲ. ನಾನು ನಿನ್ನ ಮುಖಾನೇ ನೋಡ್ತಿದ್ದೆ, ರೆಪ್ಪೆ ಕೂಡ ಅಲ್ಲಾಡ್ಲಿಲ್ಲ. ಗೊತ್ತಿತ್ತು ನಿಂಗೆ! ಯಾವತ್ತಿಂದ? ಯಾರು ಹೇಳಿದ್ದು, ಚೆನ್ನಮ್ಮನಾ? ನಿಮ್ಮವ್ವ ಸಾಯೋ ಮುಂಚೆ ಹೇಳಿದ್ಲಾ? ಹೋಗ್ಲಿ ಬುಡು. ಯಾರು ಹೇಳಿದ್ರೂ ಅಷ್ಟೇ. ನಲವತ್ತೆರಡು ವರ್ಷ ಆಯ್ತು.

ಹೂಂ ಕಣೋ. ನಮಗೆ ಹುಟ್ಟಿದೋನು ನೀನು. ಕಡಬದ ಹಳೇ ಮನೇಲಿ. ಎರಡೂ ಕೂಸು ತಿಂಗಳೊಪ್ಪತ್ತಿಗೆ ಹೋಗಿದ್ವು. ಮೂರನೇದು ನೀನು. ಅತ್ತಿಗೆಗೆ ಮಕ್ಕಳಿರ್ಲಿಲ್ಲ. ಸೂಲಗಿತ್ತಿ ನಿನ್ನ ಮೊರದಲ್ಲಿ ದಾಟಿಸಿದ್ಲು, ಅತ್ತಿಗೆ ಒಂದು ಸೇರು ತೌಡು ಇವಳ ಮಡಿಲಿಗೆ ಸುರಿದು ನಿನ್ನ ಎತ್ಕೊಂಡ್ಲು. ಬೇರೆ ಮನೇಲೆಲ್ಲ ಸಂಜೆಗೇ ವಾಪಸ್ ಕೊಡೋರು. ನಮಗೆ ಶಾಸ್ತ್ರ ಹೇಳೋನು ಐದು ವರ್ಷ ಅಂದ. ಐದು ತುಂಬೋವರೆಗೂ ಹೆತ್ತ ಮನೆ ಹೊಸಲು ತುಳಿಸ್ಬೇಡಿ ಅಂದ. ಇವಳು ಆ ತೌಡನ್ನ ದನಕ್ಕೂ ಹಾಕ್ಲಿಲ್ಲ. ಮಡಕೇಲಿ ಕಟ್ಟಿಟ್ಲು. ನುಸಿ ಬಿತ್ತು, ಹಂಗೇ ಇಟ್ಲು. ಕೂಸು ಇಸ್ಕೊಳ್ಳೋವಾಗ ವಾಪಸ್ ಕೊಡ್ಬೇಕು ಅಂತ.

ಐದು ವರ್ಷ ಆಯ್ತು. ನಾನು ಹೋದೆ ಕಣೋ ಕುಣಿಗಲ್‌ಗೆ. ಹೋಗ್ದೆ ಇರ್ತೀನಾ? ಒಂದಲ್ಲ, ಮೂರು ಸಲ ಹೋದೆ. 'ಅಣ್ಣ, ಕೊಟ್ಬುಡು, ಅವಳು ಅನ್ನ ನೀರು ಬಿಟ್ಟವ್ಳೆ' ಅಂತ ಕಾಲು ಹಿಡ್ಕೊಂಡೆ. ನಿಮ್ಮಪ್ಪ ಒಳಕ್ಕೂ ಕರೀಲಿಲ್ಲ. ಆ ಹಸ್ರು ಗೇಟ್ ಐತಲ್ಲ, ಅಲ್ಲೇ ನಿಲ್ಸಿ, ಆಗಲ್ಲ ಹೋಗು ಅಂದ. ತೀರ್ಕೊಂಡೋರ ಬಗ್ಗೆ ಆಡ್ಬಾರ್ದು. ಆದ್ರೂ ನೀನು ಕೇಳ್ದೆ, ಹೇಳ್ತಿದೀನಿ.

ಏನು? ಯಾವ ಗೇಟಾ? ನಿಮ್ಮನೆ ಗೇಟೇ, ಹಸ್ರುದು… ನೀನು ಎಸ್ಸೆಸ್ಸೆಲ್ಸಿ ಆದ್ಮೇಲಾ ಆ ಮನೆ ಕಟ್ಟಿದ್ದು? ಹೌದಾ. ಇರ್ಬೋದು. ಹಂಗಾದ್ರೆ ಹಳೇ ಮನೆ, ಹೆಂಚಿಂದು. ಬಾಗಿಲಲ್ಲಿ. ಗೇಟೋ ಬಾಗಿಲೋ, ಈಗೇನಾಯ್ತು? ಪೊಲೀಸ್ ಥರ ಏನೋ ನೀನು! ಮಾತಿಗೊಂದು ತಪ್ಪು ಹುಡುಕೋಕೆ ಬಂದಿದೀಯಾ? ಅಂದಿದ್ದು ಅಂದಿದ್ದೇ. ಕೇಳ್ದೆ, ಕೊಡಲ್ಲ ಅಂದ.

ಯಾಕೆ ಹಂಗೆ ನೋಡ್ತೀಯ?

ಬೈಯಿ. ನಮ್ಮಪ್ಪ ಅಂಥೋನಲ್ಲ ಅನ್ನು. ಎದ್ದು ನಿಂತ್ಕೊಂಡು ಜಗಳ ಆಡು, ನಾನೂ ಆಡ್ತೀನಿ. ಹಿಂಗೆ ಸುಮ್ನೆ ಕೂರ್ಬೇಡ ಕಣೋ. ನಮ್ಮಣ್ಣನೂ ಹಿಂಗೇ ಕೂರ್ತಿದ್ದ, ಮಾತಾಡ್ದೆ. ಯಾವ ಹಬ್ಬಕ್ಕೆ ಹೋದ್ರೂ ನನ್ನ ಮುಖ ನೋಡೋನು, ಏನೋ ಕೇಳ್ತೀನಿ ಅಂತ ಕಾಯೋನ ಥರ… ಅವ್ನು ನಿಂಗೆ ಏನಾದ್ರೂ ಹೇಳಿದ್ನಾ? ಆಸ್ಪತ್ರೇಲಿದ್ದಾಗ? ನೀನೊಬ್ಬನೇ ಅಲ್ವಾ ಹತ್ರ ಇದ್ದೋನು.

ಹೇಳವ್ನೆ. ಹೂಂ. ಹೇಳವ್ನೆ.

ಕೇಳ್ಲಿಲ್ಲ ಕಣೋ. ಒಂದಿನಾನೂ ಕೇಳ್ಲಿಲ್ಲ.

ಹೋಗಿದ್ದು ನಿಜ. ಬಸ್ಸಿಳಿದು ಕೆರೆ ಏರಿವರೆಗೂ ಹೋದೆ. ತೌಡಿನ ಗಂಟು ಕಂಕುಳಲ್ಲಿತ್ತು, ಇವಳೇ ಕಟ್ಟಿಕೊಟ್ಟಿದ್ಲು. ನೀನು ಅಣ್ಣನ ಹೆಗಲ ಮೇಲೆ ಕೂತಿದ್ದೆ. ಅವನ ಎರಡೂ ಕಿವಿ ಹಿಡ್ಕೊಂಡು, 'ಅಪ್ಪ, ಆ ಕಡೆ, ಈ ಕಡೆ' ಅಂತ ಎತ್ತಿನ ಥರ ತಿರುಗಿಸ್ತಿದ್ದೆ. ಗುಂಡುಗುಂಡಗೆ ಇದ್ದೆ ಕಣೋ. ನಮ್ಮನೆಗೆ ತಂದು ನೀನೂ ಹೋಗ್ಬಿಟ್ರೆ? ಅದೊಂದು ಭಯ. ಬರೀ ಭಯ ಅಂತ ಹೇಳಿದ್ರೆ ಅದೂ ಸುಳ್ಳೇ. ಅಣ್ಣನ್ನ ಬೇಡೋಕೆ ನಾಚ್ಕೆ ಆಯ್ತು. ಕೊಡ್ತೀನಿ ಅಂದ್ಬುಟ್ರೆ, ಅವನ ಹೆಗಲಿಂದ ನಾನೇ ಇಳಿಸ್ಕೋಬೇಕಲ್ಲ ಅನ್ನಿಸ್ತು. ಗಂಟನ್ನ ಕೆರೆಗೆ ಬಿಸಾಕಿ ಬಸ್ ಹತ್ದೆ. ಇವಳು ಬಾಗಿಲಲ್ಲೇ ನಿಂತಿದ್ಲು. ಕೊಡಲ್ಲ ಅಂದ ನಿಮ್ಮ ಭಾವ, ಅಂದೆ. ಅಷ್ಟೇ ಅಂದಿದ್ದು. ಒಂದು ಮಾತು.

ಆಮೇಲೆ ಆ ಮಾತನ್ನ ವಾಪಸ್ ತಗೊಳ್ಳೋಕಾಗ್ಲಿಲ್ಲ. ಮೂವತ್ತೇಳು ವರ್ಷ ಅವಳು ನಮ್ಮಣ್ಣನ್ನ ಶಪಿಸಿದ್ಲು, ನಾನು ಪಕ್ಕದಲ್ಲೇ ಕೂತು ಮುದ್ದೆ ಮುರಿದೆ. ಅವ್ನು ಸತ್ತ ಸುದ್ದಿ ಬಂದಾಗ ತಲೆಗೆ ಸ್ನಾನ ಮಾಡಿ ಪಾಯಸ ಮಾಡಿದ್ಲು. ತಿಂದೆ ಕಣೋ ನಾನು. ತಿಂದೆ!

ಹೇಳ್ಬೇಕಿತ್ತು ಅಂತಿಯಾ? ಹೇಳ್ದೆ. ಹೋದ ವಾರ ಕಾಲು ಹಿಡ್ಕೊಂಡು ಹೇಳ್ದೆ. 'ಸಿದ್ದಗಂಗಿ, ಅಣ್ಣಂದೇನೂ ತಪ್ಪಿಲ್ಲ, ನಾನೇ ಕೇಳ್ಲಿಲ್ಲ ಕಣೇ' ಅಂದೆ. ಅತ್ಲು. ಎದೆಎದೆ ಬಡ್ಕೊಂಡು ಅತ್ಲು. ನನ್ನ ಕೆನ್ನೆಗೆ ಎರಡು ಬಿಟ್ಲು. ಆಯ್ತು, ಮುಗೀತು, ಕೊನೆಗಾದ್ರೂ ಗೊತ್ತಾಯ್ತಲ್ಲ ಅಂದ್ಕೊಂಡೆ. ಒಂದು ಲೋಟ ನೀರು ತರೋಕೆ ಹೋಗಿ ಬರೋಷ್ಟ್ರಲ್ಲಿ ಅಳು ನಿಂತಿತ್ತು. 'ಯಾಕ್ರೀ, ಆ ಕೂಸುಗಳ್ಳ ದ್ಯಾವಪ್ಪ ಬಂದಿದ್ನಾ?' ಅಂದ್ಲು. ಮಾರನೆ ದಿನ ಮತ್ತೆ ಹೇಳ್ದೆ. ಮತ್ತೆ ಅತ್ಲು. ಮತ್ತೆ ಮರೆತ್ಲು. ನಾನು ಹೇಳಿದ ಸುಳ್ಳು ಅವಳಲ್ಲಿ ಬೇರು ಬಿಟ್ಟೈತೆ ಭಾನು, ನಿಜ ನಿಲ್ತಿಲ್ಲ. ಎಷ್ಟು ಸಲ ಅಂತ ಅಳಿಸ್ಲಿ ಅವಳನ್ನ?

ಹೂಂ, ಅವಳೇ ಬಾಗಿಲು ಬಡೀತಿರೋದು. ಟೈಲ್ಸೂ ಇಲ್ಲ ಏನೂ ಇಲ್ಲ. ನೀನು ಬಂದಾಗಿಂದ ಬಡೀತವ್ಳೆ. ಚಿಲಕ ಹಾಕಿದ್ದು ನಾನೇ, ನಿನ್ನ ಗಾಡಿ ಸದ್ದು ಕೇಳಿ.

ಎದ್ಯಾ… ಹೋಗು. ತೆಗಿ, ಚಿಲಕ ಮೇಲ್ಗಡೆ ಐತೆ. ನಾನು ತಡೆಯಲ್ಲ.

ಒಂದು ನಿಮಿಷ ನಿಲ್ಲು. ಏನಾದ್ರೂ ಒಂದು ಮಾತಾಡಿ ಹೋಗು. ಅಪ್ಪ ಅನ್ಬೇಡ, ಅದು ನಮ್ಮಣ್ಣಂದು, ನಂಗೆ ಬೇಡ… ಭಾನು? ಚಿಕ್ಕಪ್ಪ ಅಂತ್ಲಾದ್ರೂ ಅನ್ನೋ.