ಎಡಗೈ ಬಿಲ್ಲಿಗೆ ಎಂಥ ಮೊನೆ

“ಹಲೋ... ಯಾರು?... ಯಾರು ಮಾತಾಡ್ತಿರೋದು ಅಂತ ಕೇಳ್ದೆ... ರೆನಾಟೊ? ಯಾವ ರೆನಾಟೊ?... ಓ, ನಮ್ಮ ಅಳಿಯಾನಾ! ಹಾಗಂತ ಮೊದ್ಲೇ ಹೇಳಬಾರ್ದಾ ಮಾರಾಯ? ಇಲ್ಲಿ ಗಾಳಿ ಕಿವಿ ಕಿತ್ಕೊಂಡು ಹೋಗ್ತಿದೆ, ಜೋರಾಗಿ ಮಾತಾಡು.”

ಎನೋಕಾ ಜಿಂಕೆ ಮಾಂಸದ ಪಟ್ಟಿಗಳನ್ನು ಜಾಲರಿಯ ಪೆಟ್ಟಿಗೆಯೊಳಗೆ ಒಣಗಲು ಹರವುತ್ತಿದ್ದ. ಉಪ್ಪುನೀರು ಮೆತ್ತಿದ ಕೈಯನ್ನು ಚಡ್ಡಿಗೆ ಒರೆಸಿಕೊಂಡು, ಫೋನನ್ನು ಭುಜ ಕಿವಿಗಳ ನಡುವೆ ಸಿಕ್ಕಿಸಿಕೊಂಡ. ಮೊಲೊಕಾಯ್ ದ್ವೀಪದ ಆ ಬಯಲಿನಲ್ಲಿ ಮಧ್ಯಾಹ್ನವಾಯಿತೆಂದರೆ ಕೆಂಪು ಧೂಳು ಏಳುತ್ತದೆ. ಮಗಳು ನಾಪುವಾ ಹೊಸ ವರ್ಷದ ಊಟದ ದಿನದಿಂದ ಅವನೊಡನೆ ಮಾತು ಬಿಟ್ಟಿದ್ದಳು. ಅವಳ ಸುದ್ದಿ, ಮೊಮ್ಮಗಳ ಸುದ್ದಿ ಎಲ್ಲವೂ ಈ ಅಳಿಯನ ಬಾಯಿಂದಲೇ ಬರಬೇಕು. ಅಳಿಯ ಪಕ್ಕದ ದ್ವೀಪದ ಹೊನೊಲುಲು ನಗರದಲ್ಲಿ ಬಸ್ಸು ಓಡಿಸುತ್ತಿದ್ದ.

“ಮಾಲಿಯಾ ಹೇಗಿದ್ದಾಳೆ? ಹಲ್ಲು ಬಂತಾ?... ಕಚ್ತಾಳಾ? ಕಚ್ಲಿ ಬಿಡು, ನಮ್ಮ ಮನೆ ಕೂಸು... ಹಾಂ, ಹಾಂ. ಅವಳ ಮೊದಲ ಹುಟ್ಟುಹಬ್ಬಕ್ಕೆ ಇಲ್ಲಿ ಎಲ್ಲಾ ತಯಾರಿ ನಡೀತಿದೆ. ಕೆಸುವಿನ ಗೆಡ್ಡೆ ಹಾಲಾವಾ ಕಣಿವೆಯಿಂದ ಬರುತ್ತೆ. ಹಂದಿ ನನ್ನ ತಮ್ಮ ಕೊಡ್ತಾನೆ. ಜಿಂಕೆ ನಾನು ಹೊಡೀತೀನಿ. ನೀವು ಕೂಸನ್ನ ಎತ್ಕೊಂಡು ಬನ್ನಿ, ಅಷ್ಟು ಸಾಕು.”

...

“ಹಿಂದೆ ಅದೇನು ಗಲಾಟೆ? ಎಲ್ಲಿದ್ದೀಯ?... ಬೇಟೆ ಸಾಮಾನಿನ ಅಂಗಡೀಲಾ? ನಿನಗಲ್ಲೇನು ಕೆಲಸ?... ಬಾಣದ ಮೊನೆ?... ಯಾರಿಗೆ?... ನಿನಗಾ?”

ಎನೋಕಾ ನಕ್ಕ ನಗೆಗೆ ಬೇಲಿಯ ಮೇಲಿದ್ದ ಕೋಳಿ ಹಾರಿ ಕೆಳಗಿಳಿಯಿತು.

“ನಾನು ಕೋಳಿ ಕುಯ್ಯೋದು ನೋಡಿ ಹಿತ್ತಲಿಗೆ ಓಡಿದವನು ನೀನೇ ಅಲ್ವಾ?... ಆಯ್ತಪ್ಪ, ನಗಲ್ಲ. ನಗಲ್ಲ ಅಂದ್ನಲ್ಲ! ಜಿಂಕೆಗೇ ತಾನೆ? ಸರಿ, ಕೈಯಲ್ಲಿ ಯಾವುದು ಹಿಡ್ಕೊಂಡಿದ್ದೀಯ, ಡಬ್ಬಿ ಮೇಲೆ ಬರೆದಿರೋದು ಓದು... ‘ಮಹಾಸಂಹಾರಿ’? ಅದನ್ನ ಇಟ್ಬಿಡು... ಯಾಕೆ ಅಂದ್ರೆ? ಹೆಸರು ದೊಡ್ಡದು ಇಟ್ಟವರೆಲ್ಲ ತಗಡು ತೆಳ್ಳಗೆ ಮಾಡಿರ್ತಾರೆ, ಅದಕ್ಕೆ... ಇನ್ನೊಂದು ಓದು.”

...

“ಅಂಗಡಿಯವನು ಏನಂತಾನೆ?... ಮಡಚೋ ಅಲಗಾ? ಹಾರುವಾಗ ಛತ್ರಿ ಹಾಗೆ ಮುಚ್ಕೊಂಡಿರುತ್ತೆ, ಮೈಗೆ ತಾಗಿದ ತಕ್ಷಣ ಬಿಚ್ಕೊಳ್ಳುತ್ತೆ, ಅದೇ ಅಲ್ವಾ?... ನೇರ ಹಾರುತ್ತೆ, ಅಗಲ ಗಾಯ ಮಾಡುತ್ತೆ. ಗೊತ್ತು ಮಾರಾಯ, ನನಗೇ ಹೇಳ್ಕೊಡ್ತೀಯಾ?... ತಗೋ ಅಂತಾನೂ ಹೇಳ್ಲಿಲ್ಲ, ಬೇಡ ಅಂತಾನೂ ಹೇಳ್ಲಿಲ್ಲ. ಬಿಲ್ಲು ಎಂಥದು ಅಂತ ಗೊತ್ತಾಗದೆ ಮೊನೆ ಹೇಗೆ ಹೇಳ್ಲಿ? ಕಾಲು ನೋಡದೆ ಚಪ್ಪಲಿ ಕೊಡು ಅಂದ್ಹಾಗಾಯ್ತು. ಸೆಳೆತ ಎಷ್ಟು?... ಎಳೆಯೋಕೆ ಎಷ್ಟು ಪೌಂಡ್ ಬೇಕು ಅಂತ ಕೇಳ್ತಿದೀನಿ.”

...

“ನಲವತ್ತಾ? ಸರಿಯಾಗಿ ನೋಡು, ಅರವತ್ತಿರ್ಬೇಕು... ನಲವತ್ತೇ?... ಅಲ್ಲಯ್ಯಾ, ಬಸ್ಸಿನ ಚಕ್ರ ಒಬ್ಬನೇ ಎತ್ತೋ ಗಂಡಸು, ನಲವತ್ತು ಎಳೀತೀಯಾ? ಯಾರು ನಿನಗೆ ಆ ಬಿಲ್ಲು ಕಟ್ಟಿದ್ದು? ಬಾಣ ಎಷ್ಟುದ್ದ ಇದೆ?... ಅಷ್ಟು ಗಿಡ್ಡಾನಾ? ನಿನ್ನ ತೋಳು ಎಲ್ಲಿ, ಆ ಬಾಣ ಎಲ್ಲಿ! ಬಿಲ್ಲು ಕೈಗೆ ಕೊಡೋಕೆ ಹೇಳು ಅಂಗಡಿಯವನಿಗೆ. ಎಳೆದು ನೋಡು. ಈಗ್ಲೇ ಎಳಿ, ನಾನು ಕಾಯ್ತೀನಿ...”

...

“ಏನು, ಹಿಡಿಯೋಕೆ ಬರ್ತಿಲ್ವಾ?... ತಿರುವುಮುರುವು ಇದೆಯಾ? ಅಂದ್ರೆ... ಎಡಗೈಯವರ ಬಿಲ್ಲಾ?”

ಎನೋಕಾ ಫೋನನ್ನು ಕೈಗೆ ತೆಗೆದುಕೊಂಡ. ಅಳಿಯ ಎಡಚನಲ್ಲ. ಅವರ ಇಡೀ ಸಂಸಾರದಲ್ಲಿ ಎಡಗೈಯಲ್ಲಿ ಹೆದೆ ಎಳೆಯುವವಳು ಒಬ್ಬಳೇ.

“ರೆನಾಟೊ... ಆ ಬಿಲ್ಲು ಯಾರದು?... ಗೆಳೆಯನದ್ದಂತೆ! ಗೆಳೆಯನಿಗೆ ಹೆಸರಿಲ್ವಾ?... ನಾಪುವಾದು ತಾನೆ? ಬಾಯಿ ಬಿಡು!”

ನಾಪುವಾ ಅವನ ಇಬ್ಬರು ಗಂಡುಮಕ್ಕಳಿಗಿಂತ ಚೆನ್ನಾಗಿ ಬೇಟೆಯಾಡುತ್ತಿದ್ದವಳು. ದೋಣಿ ಪಂದ್ಯದಲ್ಲಿ ಹುಟ್ಟು ಹಾಕಿ ಹಾಕಿ ಎಡಭುಜ ಹರಿದುಕೊಂಡಿದ್ದಳು. ಡಾಕ್ಟರು ಕುಯ್ದು ಹೊಲಿದಿದ್ದರು. ಹೊಸ ವರ್ಷದ ದಿನ ಎಲ್ಲರೂ ಎಲೆ ಮುಂದೆ ಕೂತಿದ್ದಾಗ ಅವಳು ಬಿಲ್ಲಿನ ಮಾತೆತ್ತಿದಳು. “ನಿನಗಿನ್ನು ಬಿಲ್ಲು ಮುಗೀತು. ಕೂಸು ನೋಡ್ಕೊಂಡಿರು” ಎಂದುಬಿಟ್ಟಿದ್ದ ಎನೋಕಾ. ಅವಳು ಅರ್ಧ ಊಟಕ್ಕೇ ಎದ್ದು ಹೋಗಿದ್ದಳು.

“ಬುದ್ಧಿ ಇದೆಯೇನೋ ನಿನಗೆ? ಹೆಂಡತಿ ಭುಜ ಮತ್ತೆ ಹರಿದ್ರೆ ಕೂಸನ್ನ ಎತ್ಕೊಳ್ಳೋರು ಯಾರು, ನೀನಾ?... ಡಾಕ್ಟರು ಒಪ್ಪಿದ್ರಾ? ಯಾವಾಗ?... ಮತ್ತೆ ನನಗ್ಯಾಕೆ ಹೇಳ್ಲಿಲ್ಲ?... ನಾನು ಕೇಳ್ಲಿಲ್ವಾ? ಮಾತೇ ಬಿಟ್ಟವಳನ್ನ ಏನಂತ ಕೇಳ್ಲಿ?... ಎಲ್ಲಿದ್ದಾಳೆ ಈಗ?... ಏನು? ಪಕ್ಕದಲ್ಲೇ ನಿಂತಿದ್ದಾಳಾ? ನಿಂತ್ಕೊಂಡು ನಿನ್ನ ಕೈಲಿ ಕೇಳಿಸ್ತಿದ್ದಾಳಾ?”

...

“ನಾನು ಅವಳ ಹತ್ರ ಮಾತಾಡಲ್ಲ ಅಂತ ಹೇಳು... ಅವಳೂ ಮಾತಾಡಲ್ವಂತಾ? ಬಹಳ ಒಳ್ಳೇದಾಯ್ತು. ಮೊನೆ ಗಿನೆ ನಾನೇನೂ ಹೇಳಲ್ಲ. ಆ ಛತ್ರಿ ಮಾರೋನ್ನೇ ಕೇಳ್ಕೊಳ್ಳಿ. ಇಡ್ತೀನಿ.”

ಇಡಲಿಲ್ಲ. ಹೆಬ್ಬೆರಳು ಕೆಂಪು ಗುಂಡಿಯ ಮೇಲೆಯೇ ನಿಂತಿತು. ನಲವತ್ತು ಪೌಂಡಿನ ಬಿಲ್ಲಿನಿಂದ ಮಡಚುವ ಅಲಗು ಹೊರಟರೆ ಏನಾಗುತ್ತದೆಂದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಿತ್ತು. ಇದ್ದ ಬಲವೆಲ್ಲ ಅಲಗು ಬಿಚ್ಚಿಕೊಳ್ಳುವುದಕ್ಕೇ ಖರ್ಚಾಗಿ ಬಾಣ ಪಕ್ಕೆಲುಬಿನಲ್ಲಿ ಸಿಕ್ಕಿಕೊಳ್ಳುತ್ತದೆ. ಜಿಂಕೆ ಅದನ್ನು ಹೊತ್ತುಕೊಂಡೇ ಮುಳ್ಳುಮರಗಳೊಳಗೆ ನುಗ್ಗಿ, ಯಾರ ಕಣ್ಣಿಗೂ ಬೀಳದೆ, ನರಳಿ ನರಳಿ ಸಾಯುತ್ತದೆ. ನಾಪುವಾ ಅದನ್ನು ಬಿಟ್ಟು ಬರುವವಳಲ್ಲ. ಮುಳ್ಳಿನಡಿ ತೆವಳಿಯಾದರೂ ಹುಡುಕುತ್ತಾಳೆ, ಸಿಗದಿದ್ದರೆ ಹುಟ್ಟುಹಬ್ಬದ ದಿನ ತುತ್ತು ಎತ್ತುವುದಿಲ್ಲ.

“ರೆನಾಟೊ... ಇದ್ದೀಯಾ?... ಆ ಮಡಚೋದನ್ನ ಕೆಳಗಿಡು. ಇಟ್ಯಾ?... ಮೂರು ಅಲಗಿಂದೂ ಬೇಡ, ನಾಲ್ಕು ಅಲಗಿಂದಂತೂ ಬೇಡವೇ ಬೇಡ. ಅದು ದೊಡ್ಡ ಬಿಲ್ಲಿನವರಿಗೆ. ಎರಡೇ ಅಲಗಿಂದು ಇದೆಯಾ ಕೇಳು. ಮಡಚೋದಲ್ಲ, ಗಟ್ಟಿಯಾಗಿ ಕೂತಿರೋದು... ಅಗಲ ಜಾಸ್ತಿ ಬೇಡ. ತುದಿ ನೋಡು. ಮೊಳೆ ಹಾಗೆ ಗುಂಡಗಿದೆಯಾ, ಇಲ್ಲ ತುದಿಯಿಂದಲೇ ಅಲಗು ಶುರುವಾಗುತ್ತಾ?... ಹಾಂ, ಅದೇ. ತಾಗಿದ ಕೂಡ್ಲೇ ಕುಯ್ಯಬೇಕು, ಚುಚ್ಚೋಕೆ ಬಲ ಕೇಳಬಾರ್ದು. ಆ ಕಡೆ ಹೊಕ್ಕು ಈ ಕಡೆ ಹೊರಬಂದ್ರೆ ತಾನೆ ಎರಡು ತೂತು? ಎರಡು ತೂತಿದ್ರೆ ನೆಲದ ಮೇಲೆ ರಕ್ತ ಬೀಳುತ್ತೆ. ರಕ್ತ ಬಿದ್ರೆ ಜಿಂಕೆ ಸಿಗುತ್ತೆ.”

...

“ಹಾಂ, ಬಾಣದ ಕಡ್ಡಿ ಭಾರದ್ದೇ ತಗೋ... ನಿಧಾನ ಹೋಗುತ್ತೆ ಅಂತಾನಾ? ಅವನ ತಲೆ! ಹಗುರ ಬಾಣ ಬಿಟ್ರೆ ಬಿಲ್ಲು ಟಪ್ ಅನ್ನುತ್ತೆ, ಆ ಸದ್ದಿಗೇ ಚುಕ್ಕೆ ಜಿಂಕೆ ಕುಸಿದು ಜಾಗ ಬಿಟ್ಟಿರುತ್ತೆ. ಭಾರದ್ದು ಸದ್ದಿಲ್ಲದೆ ಹೋಗುತ್ತೆ. ಹತ್ತಿರ ಹೋಗ್ಬೇಕು, ಅಷ್ಟೇ. ಪೂರ್ತಿ ಪಕ್ಕ ತಿರುಗಿ ನಿಲ್ಲೋವರೆಗೂ ಹೆದೆ ಬಿಡಬಾರ್ದು. ಹೆಗಲ ಮೂಳೆಗೆ ತಗುಲಿಸಬಾರ್ದು, ಅದರ ಹಿಂದಕ್ಕೆ... ಇದನ್ನೆಲ್ಲ ನಿನಗ್ಯಾಕೆ ಹೇಳ್ತಿದೀನಿ ನಾನು? ಅವಳಿಗೆ ಗೊತ್ತು ಇದು! ನಾನೇ ಕಲಿಸಿದ್ದು!”

...

“ಯಾಕೆ ಸುಮ್ನಾದೆ?... ರೆನಾಟೊ?... ಉಸಿರಾಡೋದು ಕೇಳಿಸ್ತಿದೆ, ಮಾತಾಡು...”

...

“ನಾಪುವಾ?”

ಎನೋಕಾ ಜಾಲರಿಯ ಪೆಟ್ಟಿಗೆಯ ಬಾಗಿಲು ಹಾಕಿದ. ಹಾಕಿದ್ದನ್ನು ಮತ್ತೆ ತೆಗೆದ.

“ಊಟ ಆಯ್ತಾ?... ಹಾಂ... ನನ್ನದಾಯ್ತು... ಹೂಂ, ಎರಡು ಅಲಗಿಂದೇ. ಉಜ್ಜೋ ಕಲ್ಲು ಇದೆಯಾ? ಹೊಸದು ಅಂತ ಹಾಗೇ ಹಾಕ್ಬೇಡ, ಅಂಗಡಿ ಹರಿತ ಹರಿತ ಅಲ್ಲ. ಕೈ ಮೇಲಿನ ಕೂದಲು ಬೋಳಿಸ್ಬೇಕು, ಹಾಗೆ ಮಸೆ. ಅದೇ ಮೊನೆ ಹಾಕಿ ಗುರಿ ಹೊಡೆದು ನೋಡು... ಗೊತ್ತಿರೋದನ್ನೇ ಹೇಳ್ತಿದೀನಿ, ಹೌದು. ಮತ್ತೆ ಇನ್ನೇನು ಹೇಳ್ಲಿ?”

...

“ಎಳೆದಾಗ ನೋಯುತ್ತಾ?... ನಿಜ ಹೇಳು... ಮಾರನೇ ಬೆಳಿಗ್ಗೆ ಮಾತ್ರಾನಾ?... ಯಾಕಮ್ಮ ಈ ಹಟ? ನಾನೇ ಹೊಡೀತೀನಿ ಅಂದ್ನಲ್ಲ. ಬೇಕಾದ್ರೆ ನೀನೇ ಹೊಡೆದೆ ಅಂತ ಊರಿಗೆಲ್ಲ ಹೇಳ್ತೀನಿ... ಕೂಗಬೇಡ!... ಹಾಂ... ಹಾಂ. ನಿನ್ನ ಮೊದಲ ಹುಟ್ಟುಹಬ್ಬಕ್ಕೆ ನಾನೇ ಹೊಡೆದಿದ್ದು. ಹೌದು, ಇದೇ ಬಯಲಲ್ಲಿ. ಯಾರು ಹೇಳಿದ್ದು, ನಿಮ್ಮಮ್ಮಾನಾ?... ಅದು ಬೇರೆ ಕಣೇ, ಆಗ ನನ್ನ ಭುಜ...”

...

“ಸರಿ, ಸರಿ. ನಿನ್ನ ಮಗಳಿಗೆ ನೀನೇ ಹೊಡಿ. ಆದ್ರೆ ನಾನೂ ಬರ್ತೀನಿ. ಮುಂದೆ ಹೋಗಿ ಜಿಂಕೆ ಎಲ್ಲಿದೆ ಅಂತ ತೋರಿಸ್ತೀನಿ, ನೀನು ಹಿಂದಿನಿಂದ ಬಂದು... ಏನಂದೆ?... ನಾನು ಹಿಂದೆ?... ಹುಟ್ಟಿದಾಗಿನಿಂದ ಓಡಾಡಿರೋ ನೆಲದಲ್ಲಿ ನಾನು ನಿನ್ನ ಹಿಂದೆ ಬರ್ಬೇಕಾ?... ಎಷ್ಟು ಹಿಂದೆ?... ಬಾಯೂ ಬಿಡಬಾರ್ದಾ? ಕೆಮ್ಮು ಬಂದ್ರೆ?... ನುಂಗ್ಕೋಬೇಕಾ! ಕೇಳಿದ್ಯೇನೋ ರೆನಾಟೊ, ನಿನ್ನ ಹೆಂಡತಿ ಮಾತು! ಅಪ್ಪನಿಗೆ ಕೆಮ್ಮೋಕೂ ಅಪ್ಪಣೆ ಬೇಕಂತೆ!”

ಫೋನು ಗರಗರ ಎಂದಿತು. ಅವನು ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡ.

“ಅರ್ಧ ಅರ್ಧ ಕೇಳಿಸ್ತಿದೆ, ನಾಪುವಾ... ಒಪ್ಪದಿದ್ರೆ ಏನು?... ಬರೋದೇ ಇಲ್ವಾ? ಕೂಸೂನಾ?... ತಡಿ, ತಡಿಯೇ! ಬೇಡ ಅಂತ ಯಾರಂದ್ರು? ಯೋಚ್ನೆ ಮಾಡೋಕೂ ಬಿಡಲ್ವಲ್ಲ ನೀನು...”

ಇಷ್ಟು ಹೊತ್ತು ಬಯಲಿಗೆಲ್ಲ ಕೇಳುವಂತೆ ಕೂಗುತ್ತಿದ್ದವನ ದನಿ ಈಗ ಅವನಿಗೇ ಕೇಳದಷ್ಟು ಇಳಿದಿತ್ತು.

“ಆಯ್ತು ಕಣಮ್ಮಾ. ನೀನೇ ಮುಂದೆ ನಡಿ. ನಾನು ಹಿಂದೆ ಬರ್ತೀನಿ, ಬಾಯಿ ಮುಚ್ಕೊಂಡು... ಕೇಳಿಸ್ತಾ?... ಹಿಂದೆ ಬರ್ತೀನಿ ಅಂದೆ... ಹಲೋ?... ನಾಪುವಾ?... ಹಲೋ...”