ಎರಡು ಸಲ ಬಾರಿಸುವ ತನಕ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನಮ್ಮ ಚಿಕ್ಕಪ್ಪನ ಮಗನಿಗೇ ಆದದ್ದು. ಯಾವುದಕ್ಕೂ ಕಾಯುವ ಜಾಯಮಾನ ಅವನದಲ್ಲ. ಅದಕ್ಕೇ ಮನೆಮಂದಿಯೆಲ್ಲ ಅವನನ್ನು ಕರೆಯುವುದೇ ಗಡಿಬಿಡಿ ಅಂತ.

ಅವತ್ತು ಆಫೀಸು ಬಿಟ್ಟಾಗ ರಾತ್ರಿ ಹನ್ನೊಂದೂವರೆ. ಹಿಂದಿನ ಗಲ್ಲಿಯಲ್ಲಿ ಒಂದು ಹಳೇ ಬಾವಿ, ಮೇಲೆ ಕಬ್ಬಿಣದ ಜಾಲರಿ. ಅದನ್ನು ದಾಟುತ್ತಿದ್ದಾನೆ... ಠಣ್.

ಒಂದೇ ಸಲ. ಕಂಚಿನ ಕೈಗಂಟೆ. ಕೊನೆಗೆ ಸಣ್ಣಗೆ ಗುಂಯ್ ಅಂದು ನಿಂತಿತು. ಗಡಿಬಿಡಿ ಅಲ್ಲೇ ನಿಂತುಬಿಟ್ಟ. ಆ ಗಂಟೆ ಅವನಿಗೆ ಗೊತ್ತಿತ್ತು.

ಅವರ ಆಫೀಸಿನದು ಆಂಬುಲೆನ್ಸ್ ಕರೆಗಳನ್ನು ಗಾಡಿಗಳಿಗೆ ಮುಟ್ಟಿಸುವ ಸಾಫ್ಟ್‌ವೇರ್. ಆರು ಜನ, ಆರೂ ಜನ ತಿದ್ದುವುದು ಒಂದೇ ಕೋಡನ್ನು. ಇಬ್ಬರು ತಾವು ತಿದ್ದಿದ್ದನ್ನು ಒಟ್ಟಿಗೆ ಸರ್ವರ್‌ಗೆ ಏರಿಸಿದರೆ ಎಲ್ಲಾ ಎಕ್ಕುಟ್ಟಿಹೋಗುತ್ತದೆ. ಅದಕ್ಕೇ ಆ ಗಂಟೆ. ಏರಿಸುವವರು ಅದನ್ನು ತಮ್ಮ ಮೇಜಿಗೆ ಒಯ್ದು ಒಂದು ಸಲ ಬಾರಿಸಬೇಕು, ಮುಗಿದ ಮೇಲೆ ಎರಡು ಸಲ. ಅಲ್ಲಿಯ ತನಕ ಬೇರೆಯವರು ಕೈ ಹಾಕುವ ಹಾಗಿಲ್ಲ. ಈ ನಿಯಮ ತಂದವಳು ತಂಡದ ಹಿರಿಯಳು, ಎಲ್ಲರ ಬಾಯಲ್ಲೂ ಅಕ್ಕ. ಅವಳು ಮಾತ್ರ ಪ್ರತಿ ಸಲ ಎದ್ದು ಬಂದು, "ನಿಂದು ಮುಗೀತಾ?" ಅಂತ ಕೇಳಿಯೇ ಗಂಟೆ ಮುಟ್ಟುತ್ತಿದ್ದಳು.

ತಿಂಗಳ ಹಿಂದೆ ಒಂದು ಸಂಜೆ ಅಕ್ಕ ತನ್ನ ಕೋಣೆಯಲ್ಲಿ ಒಂದು ಸಲ ಬಾರಿಸಿದಳು. ಇಪ್ಪತ್ತು ನಿಮಿಷವಾದರೂ ಮತ್ತೆ ಸದ್ದಿಲ್ಲ. ಮರೆತಿರಬೇಕು ಅಂದುಕೊಂಡು ಗಡಿಬಿಡಿ ತನ್ನದನ್ನೂ ಏರಿಸಿಯೇಬಿಟ್ಟ. ಹತ್ತು ಹೆಜ್ಜೆ ನಡೆದು ನೋಡಿದ್ದರೆ ಸಾಕಿತ್ತು. ಅಕ್ಕ ಎದೆ ಹಿಡಿದುಕೊಂಡು ಮೇಜಿನ ಮೇಲೆ ಕುಸಿದಿದ್ದಳು, ಅವಳದು ಅರ್ಧ ಏರಿ ನಿಂತಿತ್ತು.

ಯಾರೋ ನೋಡಿ ಆಂಬುಲೆನ್ಸಿಗೆ ಫೋನ್ ಮಾಡಿದರು. ಕುಂಯ್... ಕುಂಯ್... ಕರೆ ಯಾವ ಗಾಡಿಗೂ ಮುಟ್ಟಲಿಲ್ಲ. ಇಬ್ಬರದೂ ಒಂದರ ಮೇಲೊಂದು ಬಿದ್ದು ಒಂಬತ್ತು ನಿಮಿಷ ಎಲ್ಲವೂ ಬಂದ್ ಆಗಿತ್ತು. ಆ ಒಂಬತ್ತು ನಿಮಿಷದಲ್ಲೇ ಅಕ್ಕ ಹೋದಳು.

ಅವಳ ಅರ್ಧಂಬರ್ಧ ಕೆಲಸದಿಂದಲೇ ಹೀಗಾಯಿತು ಅಂತ ಎಲ್ಲರೂ ಅಂದರು. ಇವನು ತಾನು ಏರಿಸಿದ್ದರ ದಾಖಲೆ ಅಳಿಸಿ, ತುಟಿ ಪಿಟಕ್ಕೆನ್ನದೆ ಕೂತ. ಗಂಟೆಯನ್ನು ಕಂಡರಾಗದೆ ಅದರ ನಾಲಿಗೆಯನ್ನೂ ಬಿಚ್ಚಿ ಜೇಬಿಗೆ ಹಾಕಿಕೊಂಡ. ಅಂದಮೇಲೆ ಈಗ ಬಾವಿಯ ಹತ್ತಿರ ಕೇಳಿಸಿದ್ದು ಏನು?

ಎರಡನೇ ಸದ್ದಿಗೆ ಕಾದ. ಬರಲಿಲ್ಲ. ಕಿವಿಯ ಪಕ್ಕದಲ್ಲೇ ಪಿಸುದನಿ...

"ನಿಂದು ಮುಗೀತಾ?"

"ಇಲ್ಲ... ಇಲ್ಲಕ್ಕಾ."

"ಹಾಗಾದ್ರೆ ಕಾಯ್ತೀನಿ."

ಅಷ್ಟೇ. ತಿರುಗಿದರೆ ಜಾಲರಿ, ಕತ್ತಲು.

ಬೆಳಿಗ್ಗೆ ಆಫೀಸಿನಲ್ಲಿ ಎಲ್ಲರನ್ನೂ ಕೂರಿಸಿ, ಆದದ್ದನ್ನೆಲ್ಲ ಬರೆದು ಕೆಳಗೆ ಸಹಿ ಹಾಕಿದ. ಪೆನ್ನು ಎತ್ತಿದ್ದೇ ತಡ... ಠಣ್. ಠಣ್.

ಐದೂ ಜನ ಕೇಳಿಸಿಕೊಂಡಿದ್ದಾರೆ, ಬೇಕಾದರೆ ವಿಚಾರಿಸಿ. ಗಂಟೆ ಬೀರುವಿನೊಳಗೆ ಇತ್ತು, ಬೀಗ ಹಾಕಿತ್ತು. ಅದರ ನಾಲಿಗೆ ಇವನ ಜೇಬಿನಲ್ಲೇ ಇತ್ತು. ಕೆಲಸ ಹೋದ ದಿನ ಅದನ್ನು ನನ್ನ ಕೈಗೆ ಕೊಟ್ಟ. ಇಗೋ, ನೋಡಿ.