ನೀಲಿ ಗುರುತಿನ ಉಡ

ಕ್ಲಿನಿಕ್ಕಿನ ಜಗಲಿಯಲ್ಲಿ ಜ್ವರದ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಾಯುತ್ತಿದ್ದೆ. ಸಾಲಿನಲ್ಲಿ ನನ್ನ ಮುಂದಿದ್ದ ಲೋರ್ನಾ, ಕಾಡು ಕಾಯುವ ಡೆನ್ಜಿಲ್‌ನನ್ನು ತಡೆದು ನಿಲ್ಲಿಸಿದಳು.

“ನಿನ್ನೆ ಉಡ ಹಿಡಿದ್ಯಂತಲ್ಲ, ಎಲ್ಲಿ?”

“ಪರೀಕ್ಷೆಗೆ ರಕ್ತ ತಗೊಂಡು ಕಾಡಿಗೇ ಬಿಟ್ಬಿಟ್ವಿ, ಅತ್ತೆ.”

“ವಿಷಗಪ್ಪೆ ತಿಂದು ಉಡಗಳೆಲ್ಲ ಸತ್ವು. ಉಳಿದಿದ್ದೇ ಅದೊಂದು. ನಿನ್ನಜ್ಜಿ ನಾಲ್ಕು ದಿನದಿಂದ ಬಾಯಿಗೆ ಏನೂ ಹಾಕಿಲ್ಲ. ಉಡದ ಕೊಬ್ಬು ಒಂದು ಚೂರು ಸಾಕು ಅಂತಾಳೆ.”

“ಅದರ ರಕ್ತದ ತುಂಬ ಹುಳ ಇದೆ. ಮೈಕ್ರೋಸ್ಕೋಪಲ್ಲಿ ನಾನೇ ನೋಡ್ದೆ.”

“ಕಿಡ್ನಿ ಕೆಟ್ರೂ ಡಾರ್ವಿನ್ ಪಟ್ಟಣದ ಆಸ್ಪತ್ರೇಲಿ ರಕ್ತ ತೊಳೆಯೋ ಯಂತ್ರ ಬೇಡ ಅಂದು, ಸಾಯೋಕೇ ಊರಿಗೆ ಬಂದೋಳಿಗೆ ಹುಳದ ಭಯ ಹೇಳ್ತೀಯಾ?”

“ಗುರುತಿಗೆ ಅಂತ ಅದರ ಬೆನ್ನಿಗೆ ನೀಲಿ ಬಣ್ಣ ಹಚ್ಚಿದೀವಿ. ಕಾಣದಿದ್ರೆ ಇಲಾಖೆಯೋರು ನನ್ನನ್ನೇ ಕೇಳ್ತಾರೆ.”

“ಎಲ್ಲಿ ಬಿಟ್ಟೆ, ಅಷ್ಟು ಹೇಳು.”

ಒಳಗಿನಿಂದ ನರ್ಸ್ ಲೋರ್ನಾಳ ಹೆಸರು ಕೂಗಿದಳು. ಲೋರ್ನಾ ಆಗಲೇ ಮೆಟ್ಟಿಲಿಳಿದು ಕಾಡಿನತ್ತ ಹೆಜ್ಜೆ ಹಾಕಿದ್ದಳು.

“ಆ ಕಡೆಯಲ್ಲ, ಅತ್ತೆ,” ಎಂದ ಡೆನ್ಜಿಲ್, ಸಮವಸ್ತ್ರದ ಅಂಗಿ ಬಿಚ್ಚಿ ಬೆಂಚಿನ ಮೇಲಿಟ್ಟು ಅವಳ ಹಿಂದೆ ಹೊರಟ.